ಬಾಯಿಪಾಠದ ಕಣ್ಣು

ಕಣ್ಣಾಸ್ಪತ್ರೆಯ ಗೋಡೆಗೆ ಒಂದು ಪಟ ತೂಗುಹಾಕಿರುತ್ತಾರಲ್ಲ, ಮೇಲಿನಿಂದ ಕೆಳಕ್ಕೆ ಬರುತ್ತಾ ಬರುತ್ತಾ ಗುರುತುಗಳು ಸಣ್ಣಗಾಗುತ್ತಾ ಹೋಗುವ ಪಟ, ಅದನ್ನು ಯಾರೋ ಒಬ್ಬರು ಅಚ್ಚು ಹಾಕಿರಲೇಬೇಕು ಎಂದು ನಾವ್ಯಾರೂ ಯೋಚಿಸುವುದಿಲ್ಲ. ಆ ಒಬ್ಬರು ಮೇಸ್ತ್ರಿ. ಮೂವತ್ತನಾಲ್ಕು ವರ್ಷದಿಂದ ಅವರ ಅಚ್ಚುಕೂಟದಲ್ಲಿ ಅದೊಂದನ್ನು ಬಿಟ್ಟು ಬೇರೇನೂ ಅಚ್ಚಾಗಿರಲಿಲ್ಲ. ಮದುವೆ ಪತ್ರ ಮಾಡಿಸಲು ಬಂದವರನ್ನು ಒಳಗೂ ಬಿಡದೆ ಎದುರು ರಸ್ತೆಗೆ ಅಟ್ಟುತ್ತಿದ್ದರು. ಸುತ್ತಮುತ್ತ ಯಾವ ಕಣ್ಣಾಸ್ಪತ್ರೆಗೆ ಹೋದರೂ ಗೋಡೆಯ ಮೇಲಿರುವುದು ಮೇಸ್ತ್ರಿಯ ಪಟವೇ.

ಪಟದಲ್ಲಿ ಅಕ್ಷರ ಇರಲಿಲ್ಲ, ಓದು ಬಾರದವರಿಗೂ ಆಗಬೇಕಲ್ಲ. ಇದ್ದದ್ದು ಮೂರು ಹಲ್ಲಿನ ಒಂದು ಗುರುತು. ಅಚ್ಚುಕೂಟದಲ್ಲಿ ಅದಕ್ಕೆ ಬಾಚಣಿಗೆ ಎನ್ನುತ್ತಿದ್ದರು. ಹಲ್ಲು ಮೇಲಕ್ಕಿದೆಯೋ ಕೆಳಕ್ಕಿದೆಯೋ, ಎಡಕ್ಕೋ ಬಲಕ್ಕೋ, ಅಷ್ಟು ಹೇಳಿದರೆ ಕಣ್ಣಿನ ಯೋಗ್ಯತೆ ಗೊತ್ತಾಗುತ್ತದೆ. ಮೊದಲ ಸಾಲಿನಲ್ಲಿ ಅಂಗೈಯಗಲದ ಒಂದೇ ಬಾಚಣಿಗೆ, ಎರಡನೆಯದರಲ್ಲಿ ಎರಡು, ಹೀಗೆ ಎಂಟನೇ ಸಾಲಿಗೆ ಬರುವಾಗ ಎಂಟು, ಒಂದೊಂದೂ ಇರುವೆಯ ತಲೆಯಷ್ಟು.

ಈ ಕಸುಬಿನಲ್ಲಿ ಅವರಿಂದ ಒಂದೇ ಒಂದು ಸಲ ತಪ್ಪಾಗಿತ್ತು. ಅಚ್ಚುಕೂಟ ಶುರುವಾದ ಎರಡನೇ ವರ್ಷ ಆರನೇ ಸಾಲಿನ ಬಾಚಣಿಗೆಗಳು ತಲೆಕೆಳಗಾಗಿ ಕೂತು, ಪಟದಲ್ಲಿ ಒಂದು, ಪರೀಕ್ಷೆ ಮಾಡುವವರ ಕೈಲಿರುವ ಉತ್ತರದ ಚೀಟಿಯಲ್ಲಿ ಇನ್ನೊಂದು ಆಯಿತು. ಕಂಡದ್ದನ್ನು ಕಂಡ ಹಾಗೆ ಹೇಳಿದವರೆಲ್ಲ ತಪ್ಪು ಹೇಳಿದಂತಾಗಿ, ಎಂಟು ತಿಂಗಳು ಊರಿನಲ್ಲಿ ಕಣ್ಣು ಚೆನ್ನಾಗಿದ್ದವರಿಗೆಲ್ಲ ಕನ್ನಡಕ ಬಂತು. ಏನೂ ಕಾಣದೆ ಬಾಯಿಗೆ ಬಂದದ್ದು ಹೇಳಿದ ಇಬ್ಬರು ಮಾತ್ರ ಪಾಸಾದರು. ಅವರಲ್ಲಿ ಒಬ್ಬ ಬಸ್ ಡ್ರೈವರ್.

ಅಂದಿನಿಂದ ಮೇಸ್ತ್ರಿ ಒಂದು ಕಟ್ಟಳೆ ಮಾಡಿದರು. ಅಚ್ಚಿನ ಮೊಳೆಗಳನ್ನು ಜೋಡಿಸುವುದು ಹೆಂಡತಿಯ ಕೆಲಸ. ಕರಡು ಬಂದ ಮೇಲೆ ಆಕೆ ಉತ್ತರದ ಚೀಟಿ ಹಿಡಿದು ಸ್ಟೂಲಿನ ಮೇಲೆ ಕೂರಬೇಕು, ಮೇಸ್ತ್ರಿ ಪಟದೆದುರು ನಿಂತು ಮೂವತ್ತಾರು ಬಾಚಣಿಗೆಗಳನ್ನೂ ಗಟ್ಟಿಯಾಗಿ ಹೇಳಬೇಕು. ಆಕೆ ಹೂಂ ಅಂದರೆ ಮಾತ್ರ ಪಟ ಹೊರಗೆ ಹೋಗಬೇಕು. ಗಂಡ ಹೆಂಡತಿ ಜೀವಮಾನದಲ್ಲಿ ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಮೇಲೆ, ಕೆಳಗೆ, ಎಡ, ಬಲ, ಹೂಂ. ಅವರ ನಡುವೆ ಜಗಳ ಕಡಿಮೆ ಇದ್ದದ್ದಕ್ಕೆ ಬಹುಶಃ ಅದೇ ಕಾರಣ.

ಹೋದ ವರ್ಷ ಮನೆಯ ಬಾಗಿಲ ಚೌಕಟ್ಟು ಡೊಂಕಾಯಿತು. ಮೇಸ್ತ್ರಿ ಬಡಗಿಯನ್ನು ಕರೆಸಿದರು. ಅವನು ಮಟ್ಟಗೋಲು ಇಟ್ಟು ನೋಡಿ, ನೆಟ್ಟಗಿದೆ ಅಂದ. ಮೇಸ್ತ್ರಿ ಮಟ್ಟಗೋಲನ್ನೇ ಕೈಗೆ ತೆಗೆದುಕೊಂಡು ನೋಡಿ, ಇದೂ ಡೊಂಕು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬಡಗಿ ಗೊಣಗಿಕೊಂಡು ಹೋದ. ಆಮೇಲೆ ದೀಪದ ಕಂಬ ಡೊಂಕಾಯಿತು, ರಸ್ತೆ ಡೊಂಕಾಯಿತು. ಅದಾದ ಮೇಲೆ ಎದುರಿಗೆ ಬಂದವರ ಮುಖದ ನಟ್ಟನಡುವೆ, ಶಾಯಿಯ ಹೆಬ್ಬೆರಳು ಒರೆಸಿದ ಹಾಗೆ, ಒಂದು ಮಸಿ ಕಾಣತೊಡಗಿತು. ಹಾಲಿನವನಿಗೆ ಮೂರು ದಿನ ಮುಖ ತೊಳೆದುಕೊಂಡು ಬಾ ಎಂದು ಹೇಳಿ ಕಳಿಸಿದರು. ನಾಲ್ಕನೇ ದಿನ ಅವನು ಹಾಲು ಕೊಡುವುದನ್ನೇ ಬಿಟ್ಟ. ಚಹಾ ಕಪ್ಪಿನ ಪಕ್ಕಕ್ಕೆ ಬೀಳತೊಡಗಿದಾಗ ಹೆಂಡತಿ ಅವರ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರಮ್ಮ ಸ್ಕ್ಯಾನ್ ತೆಗೆದು ನೋಡಿ ವಿಷಯ ಹೇಳಿದರು. ಎರಡೂ ಕಣ್ಣಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದಿದೆ, ಚಪ್ಪಲಿಯ ಹಿಮ್ಮಡಿ ಸವೆಯುತ್ತದಲ್ಲ, ಹಾಗೆ. ಹೀಗೇ ಬಿಟ್ಟರೆ ಸವೆಯುತ್ತಲೇ ಹೋಗುತ್ತದೆ. ತಮ್ಮದೇ ವಿಭಾಗದಲ್ಲಿ ಒಂದು ಹೊಸ ಮದ್ದಿನ ಸಂಶೋಧನೆ ನಡೆದಿದೆ, ಕಣ್ಣಿಗೆ ಒಂದೇ ಒಂದು ಚುಚ್ಚುಮದ್ದು, ಸವೆತ ನಿಲ್ಲಬಹುದು ಎಂಬ ಆಸೆ ಇದೆ, ಮಾತು ಕೊಡಲಾಗದು. ಸೇರಿಸಿಕೊಳ್ಳಲು ಇನ್ನು ಹನ್ನೆರಡು ದಿನ ಉಳಿದಿದೆ. ಇರುವುದು ಒಂದೇ ನಿಯಮ: ಪಟದ ಎರಡನೇ ಸಾಲು ಓದಬೇಕು, ಐದನೇ ಸಾಲು ಓದಬಾರದು. ಎರಡನೆಯದನ್ನು ಓದಲಾರದವರಿಗೆ ಮದ್ದು ತಡವಾಯಿತು ಎಂದರ್ಥ. ಐದನೆಯದನ್ನು ಓದುವವರಿಗೆ ಮದ್ದು ಬೇಡ ಎಂದರ್ಥ.

ಮೇಸ್ತ್ರಿಗೆ ಭಯವಾಗಿತ್ತು. ಕತ್ತಲೆಯ ಭಯವಲ್ಲ, ತಾವು ನೋಡದ ಪಟ ಒಂದು ದಿನ ಹೊರಗೆ ಹೋಗುತ್ತದಲ್ಲ, ಅದರ ಭಯ. ಏನಾದರಾಗಲಿ, ಈ ಮದ್ದು ಸಿಗಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಪರೀಕ್ಷೆಯ ಕೋಣೆಗೆ ಹೋದರು.

ಅಲ್ಲಿ ಕೋಲು ಹಿಡಿದು ಪಟ ತೋರಿಸುವ ಹೆಂಗಸು ಇದ್ದಳು. ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಕೋಲು ಮೇಡಂ ಎನ್ನುತ್ತಿದ್ದರು. ಮೇಡಂ ಮೊದಲ ಸಾಲಿಗೆ ಕೋಲು ಇಟ್ಟದ್ದೇ ತಡ, ಮೇಸ್ತ್ರಿಯ ಬಾಯಿ ತಾನಾಗಿ ತೆರೆದುಕೊಂಡಿತು. ಮೂವತ್ತಾರು ಬಾಚಣಿಗೆ ಒಂದೇ ಉಸಿರಿಗೆ ಬಂದುಹೋದವು. ಅಷ್ಟಕ್ಕೂ ನಿಲ್ಲದೆ ಪಟದ ಬುಡದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿದ್ದ ಅಚ್ಚುಕೂಟದ ವಿಳಾಸ, ಫೋನ್ ನಂಬರನ್ನೂ ಒಪ್ಪಿಸಿದರು. ಕೋಲು ಮೇಡಂ ಎದ್ದು ಹೋಗಿ ಪಕ್ಕದ ಕೋಣೆಯವರನ್ನೆಲ್ಲ ಕರೆದುಕೊಂಡು ಬಂದಳು, ಮೇಸ್ತ್ರಿ ಇನ್ನೊಂದು ಸಲ ಒಪ್ಪಿಸಬೇಕಾಯಿತು. ಎಲ್ಲರೂ ಚಪ್ಪಾಳೆ ಹೊಡೆದ ಮೇಲೆಯೇ ಅವರಿಗೆ ತಾವು ಮಾಡಿಕೊಂಡ ಅನಾಹುತ ಹೊಳೆದದ್ದು.

ಡಾಕ್ಟರಮ್ಮ ಹಣೆ ಉಜ್ಜಿಕೊಂಡರು. "ಸ್ಕ್ಯಾನ್ ನೋಡಿದ್ರೆ ನಿಮಗೆ ಕಾಣಬಾರದು. ನೀವು ಹೇಳಿದ್ದು ನೋಡಿದ್ರೆ ಹದ್ದಿಗಿಂತ ಚೆನ್ನಾಗಿ ಕಾಣತ್ತೆ. ಫಾರಂನಲ್ಲಿ ಈ ನಿಯಮದ ಮುಂದೆ ಸ್ಕ್ಯಾನಿಗೆ ಜಾಗ ಇಲ್ಲ, ಬಾಯಿಗೆ ಮಾತ್ರ ಇದೆ."

ಮೇಸ್ತ್ರಿ ತಮ್ಮದೇ ಪಟ, ಬಾಯಿಪಾಠ ಎಂದು ತಿಳಿಸಿ ಹೇಳಿದರು. ಹಾಗಾದರೆ ಬಾಯಿಪಾಠ ಬಿಟ್ಟು ಕಂಡದ್ದನ್ನಷ್ಟೇ ಹೇಳಿ ಎಂದರು ಡಾಕ್ಟರಮ್ಮ. ಹೇಳುವುದು ಸುಲಭ. ಪಟದ ಕಡೆ ತಿರುಗಿದರೆ ಸಾಕು, ಬಾಚಣಿಗೆಗಳು ಕಪ್ಪಗೆ, ಹಲ್ಲು ಎಣಿಸುವಷ್ಟು ಸ್ಪಷ್ಟವಾಗಿ ಬಂದು ನಿಲ್ಲುತ್ತಿದ್ದವು. ಕಣ್ಣು ಎಲ್ಲಿ ಮುಗಿಯಿತು, ನೆನಪು ಎಲ್ಲಿ ಶುರುವಾಯಿತು ಎಂಬುದು ಮೇಸ್ತ್ರಿಗೇ ತಿಳಿಯುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಜಗತ್ತೆಲ್ಲ ಮಸಿಯಾದರೂ ಪಟ ಮಾತ್ರ ತಮಗೆ ಇನ್ನೂ ಕಾಣುತ್ತಿದೆ ಎಂದು ಅವರಿಗೆ ಒಳಗೊಳಗೇ ಹೆಮ್ಮೆ ಇತ್ತು. ಬೇರೆ ಪಟ ತರಿಸಿದರು. ಆಸ್ಪತ್ರೆಯ ಉಗ್ರಾಣದಲ್ಲಿದ್ದ ಇಪ್ಪತ್ತಾರು ಬಗೆಯ ಪಟವನ್ನೂ ಒಂದಾದ ಮೇಲೊಂದು ತೂಗುಹಾಕಿದರು. ಇಪ್ಪತ್ತಾರೂ ಮೇಸ್ತ್ರಿಯವೇ, ಮೇಡಂ ಪಟದ ನಂಬರು ಹೇಳಿದರೆ ಸಾಕು, ಉಳಿದದ್ದು ಬಾಯಿಗೆ ಬರುತ್ತಿತ್ತು. ಕಂಪ್ಯೂಟರಿನ ಪರದೆ ಏಕೆ ಆಗಬಾರದು ಎಂದು ಹೆಂಡತಿ ಕೇಳಿದಳು. ಸಂಶೋಧನೆಯ ನಿಯಮದ ಪುಸ್ತಕದಲ್ಲಿ ಅಚ್ಚಾದ ಪಟ ಎಂದೇ ಬರೆದಿದೆಯಂತೆ, ಪುಸ್ತಕ ಬರೆದವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲವಂತೆ.

ಈ ಸುದ್ದಿ ಎದುರು ಕೋಣೆಯ ಡಾಕ್ಟರ ಕಿವಿಗೆ ಬಿತ್ತು. ಅವರದು ಬೇರೆಯೇ ಸಂಶೋಧನೆ: ವಯಸ್ಸಾದರೂ ಕೆಲವರ ದೃಷ್ಟಿ ಮಂಕಾಗುವುದಿಲ್ಲವಲ್ಲ, ಏಕೆ? ಮೂರು ವರ್ಷದಿಂದ ಅವರಿಗೆ ಅಂಥ ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ. ಮೇಸ್ತ್ರಿಯನ್ನು ಕಂಡು ಅವರಿಗೆ ಹೋದ ಜೀವ ಬಂದಂತಾಯಿತು. ಯಾವ ಮಗ್ಗುಲಿಗೆ ಮಲಗುತ್ತೀರಿ, ತರಕಾರಿಯ ಸಿಪ್ಪೆ ತಿನ್ನುತ್ತೀರಾ, ಚಿಕ್ಕವರಿದ್ದಾಗ ಎಷ್ಟು ಅತ್ತಿದ್ದೀರಿ ಎಂದು ನಾಲ್ಕು ಪುಟ ಬರೆದುಕೊಂಡರು. ಫೋಟೋ ತೆಗೆದು ಗೋಡೆಗೆ ಹಾಕಿಸಿ, ಅಪೂರ್ವ ದೃಷ್ಟಿಯ ಹಿರಿಯರು ಎಂಬ ಪ್ರಮಾಣಪತ್ರ ಕೈಗೆ ಕೊಟ್ಟರು. ಅದನ್ನು ಹಿಡಿದು ಹೊರಟ ಮೇಸ್ತ್ರಿ ನೇರವಾಗಿ ಹೋಗಿ ಗಾಜಿನ ಬಾಗಿಲಿಗೆ ಗುದ್ದಿಕೊಂಡರು. ಮೂಗಿನಲ್ಲಿ ರಕ್ತ ಬಂತು. ಮೂಗಿನ ಗಾಯಕ್ಕೂ ದೃಷ್ಟಿಗೂ ಸಂಬಂಧ ಕಂಡುಬಂದಿಲ್ಲ ಎಂದು ಎದುರು ಕೋಣೆಯ ಡಾಕ್ಟರು ಐದನೇ ಪುಟದಲ್ಲಿ ಬರೆದುಕೊಂಡರು.

ಮನೆಗೆ ಬಂದ ಮೇಲೆ ಹೆಂಡತಿ ನೇರವಾಗಿ ವಿಷಯಕ್ಕೆ ಬಂದಳು. ತಪ್ಪು ಹೇಳಿ, ಅಷ್ಟೆ. ಎಡ ಇರುವ ಕಡೆ ಬಲ ಅನ್ನಿ. ಮೇಸ್ತ್ರಿ ಎರಡು ದಿನ ಆಕೆಯ ಜೊತೆ ಮಾತು ಬಿಟ್ಟರು. ಇಷ್ಟು ವರ್ಷ ಒಂದು ಬಾಚಣಿಗೆಯನ್ನೂ ತಪ್ಪು ಹೇಳದ ಬಾಯಿ ಇದು, ಕಳ್ಳತನ ಮಾಡು ಅಂದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ ಎಂದು ಗೋಡೆಗೆ ಕೇಳುವ ಹಾಗೆ ಹೇಳಿದರು. ಮೂರನೇ ದಿನ ಚಹಾದ ಬಿಸಿನೀರು ಕೈಮೇಲೆ ಸುರಿದುಕೊಂಡರು. ಆಗ ಒಪ್ಪಿಕೊಂಡರು.

ಎರಡನೇ ಸಲ ಕೋಲು ಮೇಡಂ ಮುಂದೆ ಕೂತು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೂವತ್ತಾರಕ್ಕೆ ಮೂವತ್ತಾರೂ ತಪ್ಪು ಹೇಳಿದರು. ಬೆವರು ಒರೆಸಿಕೊಂಡು ಎದ್ದಾಗ ಮೇಡಂ ಮುಖ ಗಂಟಿಕ್ಕಿಕೊಂಡಿದ್ದಳು.

"ಕಾಣದವರು ಸುಮ್ನೆ ಅಂದಾಜಿಗೆ ಹೇಳಿದ್ರೂ ನಾಲ್ಕಕ್ಕೆ ಒಂದಾದ್ರೂ ಸರಿಯಾಗತ್ತೆ," ಅಂದಳು. "ಒಂದೂ ಸರಿಯಾಗದ ಹಾಗೆ ಹೇಳ್ಬೇಕಾದ್ರೆ ಎಲ್ಲಾನೂ ಕಾಣ್ಲೇಬೇಕು."

ಡಾಕ್ಟರಮ್ಮ ಕಡತದಲ್ಲಿ ಏನೋ ಕೆಂಪು ಶಾಯಿಯಲ್ಲಿ ಬರೆದರು. ಎದುರು ಕೋಣೆಯ ಡಾಕ್ಟರಿಗೆ ಮಾತ್ರ ಇನ್ನೂ ಸಂತೋಷವಾಯಿತು, ತಮ್ಮ ಹಿರಿಯರು ಈಗ ತಿರುಗುಮುರುಗಾಗಿಯೂ ಓದುತ್ತಾರೆ ಎಂದು ಎರಡನೇ ಪ್ರಮಾಣಪತ್ರ ಕೊಟ್ಟರು. ದಾರಿಯಲ್ಲಿ ಹೆಂಡತಿ, ಅರ್ಧ ಸರಿ ಅರ್ಧ ತಪ್ಪು ಹೇಳಬಾರದಿತ್ತೇ ಎಂದು ಕೇಳಿದಳು. ಮೇಸ್ತ್ರಿ ಸಿಡುಕಿದರು. ತಪ್ಪು ಹೇಳುವುದಾದರೂ ಅಚ್ಚುಕಟ್ಟಾಗಿ ಹೇಳಬೇಕಲ್ಲ, ಅರ್ಧಂಬರ್ಧ ಕೆಲಸ ನಮ್ಮ ಮನೆತನದಲ್ಲೇ ಇಲ್ಲ ಅಂದರು.

ಇನ್ನು ನಾಲ್ಕು ದಿನ ಉಳಿದಿದ್ದಾಗ ಡಾಕ್ಟರಮ್ಮ ತಾವೇ ಅಚ್ಚುಕೂಟಕ್ಕೆ ಬಂದರು. ಕೆಂಪು ಶಾಯಿಯಲ್ಲಿ ಬರೆದದ್ದನ್ನು ಅವರಿಗೆ ನುಂಗಿಕೊಳ್ಳಲಾಗಿರಲಿಲ್ಲ, ಸ್ಕ್ಯಾನ್ ಮತ್ತೆ ಮತ್ತೆ ನೋಡಿದ್ದರು. ಮೇಸ್ತ್ರಿಯನ್ನು ಹೊರಗೆ ಕಳಿಸಿ ಹೆಂಡತಿಯ ಜೊತೆ ಮಾತಾಡಿದರು. ಹೊಸ ಪಟ ಒಂದು ಬೇಕು, ಇಪ್ಪತ್ತೇಳನೆಯದು. ಜೋಡಣೆ ನಿಮ್ಮಿಷ್ಟ, ನಿಮ್ಮ ಯಜಮಾನರಿಗೆ ಮಾತ್ರ ಗೊತ್ತಾಗಬಾರದು. ಬೇರೆ ಕಡೆ ಮಾಡಿಸೋಣ ಎಂದರೆ ಈ ಕೆಲಸ ಗೊತ್ತಿರುವವರು ಈ ಸುತ್ತಿನಲ್ಲೇ ಇಲ್ಲ.

ಆ ಮೂರು ದಿನ ಮೇಸ್ತ್ರಿ ತಮ್ಮದೇ ಅಚ್ಚುಕೂಟದ ಮೆಟ್ಟಿಲ ಮೇಲೆ ಹೊರಗಿನವರ ಹಾಗೆ ಕೂತಿದ್ದರು. ಒಳಗೆ ಮೊಳೆ ಬೀಳುವ ಸದ್ದು, ಯಂತ್ರದ ಸದ್ದು. ಹೆಂಡತಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಳು. ಕರಡು ಬಂದಾಗ ಮೇಸ್ತ್ರಿಗೆ ಜೀವ ನಿಲ್ಲಲಿಲ್ಲ, ಬಾಗಿಲು ಬಡಿದರು.

"ಓದಿದ್ದು ಯಾರು?"

"ನಾನೇ."

"ಚೀಟಿ ಹಿಡಿದಿದ್ದು?"

"ಅದೂ ನಾನೇ."

ತಾನೇ ಓದಿ ತಾನೇ ಹೂಂ ಅನ್ನುವುದೆಂದರೇನು? ಹಾಗಿದ್ದರೆ ಇಷ್ಟು ವರ್ಷ ತಾವು ನಿಂತದ್ದೇಕೆ, ಆಕೆ ಕೂತದ್ದೇಕೆ? ಕಣ್ಣು ಮುಚ್ಚಿಕೊಂಡು ಓದುತ್ತೇನೆ, ಬಿಡು ಒಳಗೆ ಎಂದು ಕೂಡ ಮೇಸ್ತ್ರಿ ಕೇಳಿಕೊಂಡರು. ಆಕೆ ಜಪ್ಪಯ್ಯ ಅಂದರೂ ಬಾಗಿಲು ತೆಗೆಯಲಿಲ್ಲ. ಪಟವನ್ನು ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಕೊನೆಯ ದಿನ ಬೆಳಿಗ್ಗೆ ತಾನೇ ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಮೇಸ್ತ್ರಿ ಹಿಂದೆ ಹಿಂದೆ ನಡೆದರು. ಇವತ್ತು ಕಂಡದ್ದನ್ನು ಮಾತ್ರ ಹೇಳುತ್ತೇನೆ ಎಂದು ದಾರಿಯಲ್ಲಿ ಡಾಕ್ಟರಮ್ಮನಿಗೆ ಹೇಳುವ ಹಾಗೆ ತಮಗೆ ತಾವೇ ಹೇಳಿಕೊಂಡರು.

ಕೋಲು ಮೇಡಂ ಪಟ ಬಿಚ್ಚಿ ತೂಗುಹಾಕಿದಳು. ಮೇಸ್ತ್ರಿ ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡಿದರು.

ಏನೂ ಬರಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಪಟದ ಕಡೆ ತಿರುಗಿದಾಗ ಬಾಚಣಿಗೆಗಳು ಓಡಿ ಬಂದು ನಿಲ್ಲಲಿಲ್ಲ. ಬಿಳಿಯ ಹಾಳೆ, ನಡುವೆ ಮಸಿ. ಕತ್ತು ಕೊಂಚ ಓರೆ ಮಾಡಿದಾಗ ಮೊದಲ ಸಾಲಿನ ದೊಡ್ಡ ಬಾಚಣಿಗೆ ಹೇಗೋ ಕಂಡಿತು: ಬಲ. ಎರಡನೇ ಸಾಲಿಗೆ ಬಂದರೆ ಬರೀ ಬೂದಿ. ಪಟವೂ ತಮಗೆ ಕಾಣುತ್ತಿಲ್ಲ, ಕಾಣದೆ ಎಷ್ಟು ದಿನವಾಯಿತೋ ಗೊತ್ತಿಲ್ಲ. ಕಾಣುತ್ತಿಲ್ಲ ಅಂದರೆ ಮುಗಿಯಿತು: ಎರಡನೇ ಸಾಲು ಓದಲಾರದವರಿಗೆ ಮದ್ದು ತಡವಾಯಿತು ಎಂದರ್ಥ.

"ಹಲ್ಲು ಯಾವ ಕಡೆ?" ಕೋಲು ಮೇಡಂ ಕೇಳಿದಳು.

ಆಗ ಮೇಸ್ತ್ರಿಗೆ ಹೊಳೆಯಿತು. ಇದನ್ನು ಜೋಡಿಸಿದ್ದು ಇನ್ಯಾರು? ಅವಳು ತಾನೇ. ಅವಳ ಕೈ ತಮಗೆ ಗೊತ್ತಿಲ್ಲವೇ? ಮೊದಲು ಬಲ ಇಟ್ಟರೆ ಆಮೇಲೆ ಮೇಲೆ, ಮೇಲಿನ ಪಕ್ಕ ಎಡ. ಕೆಳಗೆ ಎಂಬುದು ಅವಳಿಗೆ ಅಷ್ಟಾಗಿ ಇಷ್ಟವಿಲ್ಲ, ಸಾಲಿಗೊಂದು ಬಂದರೆ ಹೆಚ್ಚು. ಒಂದೇ ದಿಕ್ಕನ್ನು ಮೂರು ಸಲ ಸೇರಿಸಿ ಇಡಬಾರದು ಎಂದು ಅಚ್ಚುಕೂಟದ ನಿಯಮವೇ ಇದೆ. ಮೇಸ್ತ್ರಿ ಬಾಯಿಬಿಟ್ಟರು. ಮೇಲೆ, ಎಡ. ಮೇಡಂ ಗುರುತು ಹಾಕಿಕೊಂಡಳು. ಮೂರನೇ ಸಾಲು. ಬಲ, ಮೇಲೆ, ಕೆಳಗೆ. ಮೇಡಂ ಮತ್ತೆ ಗುರುತು ಹಾಕಿದಳು, ಆಕೆಯ ಉಸಿರು ಬದಲಾದದ್ದು ಮೇಸ್ತ್ರಿಗೆ ಕೇಳಿಸಿತು. ಇಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಬೇಕು ಎಂದು ಅವರಿಗೂ ಗೊತ್ತಿತ್ತು. ಆದರೆ ಓಡುವ ಕುದುರೆಗೆ ಕಡಿವಾಣ ಎಲ್ಲಿ? ನಾಲ್ಕನೇ ಸಾಲೂ ಸರಿಯಾಗಿ ಬಂದುಹೋಯಿತು. ಬಾಗಿಲಲ್ಲಿ ಎದುರು ಕೋಣೆಯ ಡಾಕ್ಟರು ಮೂರನೇ ಪ್ರಮಾಣಪತ್ರ ಹಿಡಿದು ನಿಂತಿದ್ದರು.

ಐದನೇ ಸಾಲು. ಬಾಯಿ ಮುಚ್ಚಿಕೋ ಎಂದು ಮೇಸ್ತ್ರಿ ತಮ್ಮ ಬಾಯಿಗೆ ಹೇಳಿದರು. ಬಾಯಿ, "ಬಲ, ಮೇಲೆ, ಎಡ, ಬಲ, ಕೆಳಗೆ," ಅಂದಿತು.

ಕೋಲು ಮೇಡಂ ಚೀಟಿ ನೋಡಿದಳು, ಪಟ ನೋಡಿದಳು, ಕೋಲು ಕೆಳಗಿಟ್ಟಳು. "ಐದರಲ್ಲಿ ನಾಲ್ಕು ತಪ್ಪು," ಅಂದಳು.

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಚೀಟಿಯೇ ತಪ್ಪಿರಬೇಕು, ಮತ್ತೆ ನೋಡಿ ಅಂದರು. ಡಾಕ್ಟರಮ್ಮ ಬಂದು ತಾವೇ ನೋಡಿ, ತಪ್ಪು ಎಂದು ನಗುನಗುತ್ತಾ ಹೇಳಿದರು. ಎರಡನೇ ಸಾಲು ಓದಿದ್ದಾರೆ, ಐದನೆಯದನ್ನು ಓದಿಲ್ಲ, ಬರೆದಿಟ್ಟ ಹಾಗಿದೆ. ಕೆಂಪು ಶಾಯಿಯ ಮೇಲೆ ಗೆರೆ ಎಳೆದರು. ಎದುರು ಕೋಣೆಯ ಡಾಕ್ಟರು ಪ್ರಮಾಣಪತ್ರವನ್ನು ನಾಲ್ಕಾಗಿ ಮಡಿಸಿಕೊಂಡು ಹೋದರು. ಸಹಿ ಹಾಕಲು ಫಾರಂ ಕೊಡುತ್ತಾ ಡಾಕ್ಟರಮ್ಮ ಒಂದು ಮಾತು ಹೇಳಿದರು: ಸವೆದಿರುವುದು ನಡುಭಾಗ ಮಾತ್ರ, ಅಂಚು ಚೆನ್ನಾಗಿದೆ. ಏನನ್ನಾದರೂ ನೋಡಬೇಕಾದರೆ ನೇರವಾಗಿ ನೋಡಬೇಡಿ, ಅದರ ಪಕ್ಕಕ್ಕೆ ನೋಡಿ, ಅದು ತಾನಾಗಿ ಕಾಣುತ್ತದೆ.

ಹೊರಗಿನ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಮೇಸ್ತ್ರಿ ಪಕ್ಕದಲ್ಲಿ ಕೂತರು. ಮದ್ದು ಸಿಕ್ಕಿತು ಎಂಬ ಸಂತೋಷಕ್ಕಿಂತ ಮುಂಚೆ ಬಂದದ್ದು ಸಿಟ್ಟು.

"ಐದನೇ ಸಾಲಲ್ಲಿ ಏನಿತ್ತು?"

"ಕೆಳಗೆ, ಕೆಳಗೆ, ಕೆಳಗೆ, ಕೆಳಗೆ, ಕೆಳಗೆ."

"ಅದು ಪಟಾನಾ? ನಮ್ಮ ಹೆಸರು ಹಾಕಿ ಅಂಥದ್ದನ್ನ ಹೊರಗೆ ಕಳಿಸಿದ್ಯಾ?"

"ಎರಡನೇ ಸಾಲೂ ನಿಮಗೆ ಕಾಣಲ್ಲ ಅಂತ ನನಗೆ ಗೊತ್ತಿತ್ತು," ಅಂದಳು ಆಕೆ. "ಅದಕ್ಕೆ ನಾಲ್ಕು ಸಾಲು ನಿಮಗೆ ಹೊಳೆಯೋ ಹಾಗೆ ಜೋಡಿಸಿದೆ. ಎರಡು ಹೇಳಿ ಸುಮ್ಮನಿರೋವ್ರಲ್ಲ ಅಂತಾನೂ ಗೊತ್ತಿತ್ತು. ಐದನೇದು ಏಳು ಜನ್ಮಕ್ಕೂ ಹೊಳೀಬಾರದು ಅಂತ ಜೋಡಿಸಿದೆ."

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಮೇಸ್ತ್ರಿ ಆಕೆಯ ಕಡೆ ತಿರುಗಿದರು. ಮುಖದ ನಡುವೆ ಅದೇ ಮಸಿ. ಡಾಕ್ಟರಮ್ಮ ಹೇಳಿದ್ದು ನೆನಪಾಗಿ, ಆಕೆಯನ್ನು ಬಿಟ್ಟು ಆಕೆಯ ಭುಜದಾಚೆಯ ಗೋಡೆಯನ್ನು ನೋಡಿದರು. ಕಣ್ಣಂಚಿನಲ್ಲಿ ಹೆಂಡತಿಯ ಮುಖ ಮೆಲ್ಲಗೆ ಮೂಡಿತು. ಕಿವಿಯ ಹತ್ತಿರ ಪೂರ್ತಿ ನರೆತ ಕೂದಲು. ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ.

"ಇದು ಯಾವಾಗಿಂದ?"

"ಯಾವುದು?"

"ಕನ್ನಡಕ."

"ಎರಡು ವರ್ಷ ಆಯ್ತು."

ಮಸಿ ಬಂದು ಒಂದು ವರ್ಷವಾಗಿತ್ತು. ಅದಕ್ಕೂ ಹಿಂದಿನ ವರ್ಷ ಮೇಸ್ತ್ರಿಯ ಕಣ್ಣು ಚೆನ್ನಾಗಿಯೇ ಇತ್ತು. ಅವರಿಗೆ ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಏನಾದರೂ ಕೇಳಬೇಕಲ್ಲ ಎಂದು, ಪರೀಕ್ಷೆ ಎಲ್ಲಿ ಮಾಡಿಸಿದೆ ಎಂದು ಕೇಳಿದರು.

"ಇಲ್ಲೇ. ಇದೇ ಕೋಣೆಲಿ, ನಮ್ಮ ಪಟದಲ್ಲೇ."

"ನಿನಗೂ ಬಾಯಿಪಾಠ ಅಲ್ವಾ ಅದು?"

"ನಿಮಗಿಂತ ಚೆನ್ನಾಗಿ ಬರತ್ತೆ. ಆರನೇ ಸಾಲು ಕಾಣಿಸ್ಲಿಲ್ಲ. ಕಾಣಿಸ್ತಿಲ್ಲ ಅಂದೆ."

ಅಷ್ಟು ಹೇಳಿ ಆಕೆ ಫಾರಂ ತನ್ನ ಮಡಿಲಿಗೆ ಎಳೆದುಕೊಂಡು, ಅವರ ಕೈ ಹಿಡಿದು, ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ನನ್ನು ತಂದು ಇಟ್ಟಳು.